ರೇಖೆ ದಾಟಿದ ದೋಣಿ

ಚಲನಚಿತ್ರವೆಂದರೆ ಮದ್ರಾಸಿನಲ್ಲೋ ಮುಂಬಯಿಯಲ್ಲೋ ಹುಟ್ಟಿ, ಡಬ್ಬದಲ್ಲಿ ಕುಳಿತು ಬಸ್ಸಿನಲ್ಲಿ ಉಡುಪಿಗೆ ಬರುವ ವಸ್ತುವೆಂದು ನಾವೆಲ್ಲ ನಂಬಿದ್ದ ಕಾಲದಲ್ಲಿ, ಅದನ್ನು ಇಲ್ಲಿಯ ಬೆಳಕಿನಲ್ಲಿ, ಇಲ್ಲಿಯ ಮುಖಗಳಿಂದಲೇ ಮಾಡಬಹುದೆಂದು ತೋರಿಸಿಕೊಟ್ಟವರು ಶ್ರೀಯುತ ಸ್ಟ್ಯಾನಿಸ್ಲಾಸ್ ಬ್ಯಾಪ್ಟಿಸ್ಟರು. ಮಣಿಪಾಲದ ನಮ್ಮ ಪುಟ್ಟ ಶಿಕ್ಷಣಚಿತ್ರ ಘಟಕದಿಂದ ಅವರು ಈ ವರ್ಷ, 1969ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಶಿಷ್ಯೆಯಾಗಿ ಸೇರಿ, ಸಂಕಲನದ ಮೇಜಿನಲ್ಲಿ ಅವರ ಸಹೋದ್ಯೋಗಿಯಾದ ನನಗೆ ಈ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ನನ್ನ ಪುಣ್ಯ.

ಐವತ್ತರ ದಶಕದ ಆರಂಭದಲ್ಲಿ ಅವರು ಬಂದಾಗ ಘಟಕಕ್ಕಿದ್ದದ್ದು ಕೀಲಿ ತಿರುಗಿಸುವ ಒಂದು ಕ್ಯಾಮೆರಾ ಮತ್ತು ಮೂರು ಕಾಲುಗಳಲ್ಲಿ ಒಂದು ಸದಾ ಮುನಿಸಿಕೊಳ್ಳುವ ಸ್ಟ್ಯಾಂಡು. ಪಾಠವೆಂದರೆ ಪ್ರಯಾಣ. ಟಿಲ್ಟ್ ಕಲಿಸಲು ಕಾರ್ಕಳದ ಬೆಟ್ಟ ಹತ್ತಿಸಿ, ಗೊಮ್ಮಟನ ಪಾದದಿಂದ ಮುಖದವರೆಗೆ ಕ್ಯಾಮೆರಾವನ್ನು ಮೆಲ್ಲನೆ ಎತ್ತಿಸಿದರು. "ಅವಸರ ಎಂತಕ್ಕೆ? ಅವನು ಎಲ್ಲಿಗೂ ಹೋಗುವುದಿಲ್ಲ ಅಲ್ವಾ" ಎಂದರು. ಕ್ಲೋಸ್‌ಅಪ್ಪಿಗೆ ಕಟಪಾಡಿಯಲ್ಲಿ ಮಲ್ಲಿಗೆ ಕಟ್ಟುವವರ ಬೆರಳುಗಳು. ಡಿಸಾಲ್ವ್, ಅಂದರೆ ಒಂದು ದೃಶ್ಯ ಕರಗುತ್ತಲೇ ಅದರೊಳಗಿಂದ ಇನ್ನೊಂದು ಮೂಡುವ ಬಗೆ, ಅರ್ಥವಾಗದೆ ನಾನು ಪೆಚ್ಚಾದಾಗ, ಮುಂಜಾವಿನಲ್ಲಿ ಮಣಿಪಾಲದ ಗುಡ್ಡದಂಚಿಗೆ ಕರೆದೊಯ್ದು, ಮಂಜು ತೆಳುವಾಗಿ ಉಡುಪಿಯ ಹಂಚಿನ ಮಾಡುಗಳು ತೇಲಿ ಬರುವವರೆಗೂ ಸುಮ್ಮನೆ ನಿಂತರು. ಆ ಬೆಳಗು ನನ್ನ ಕಣ್ಣಿನಲ್ಲಿ ಇನ್ನೂ ಪೂರ್ತಿ ಕರಗಿಲ್ಲ. ನನಗೆ ಜ್ವರ ಬಂದಾಗ ಪತ್ನಿ ಸೆಲೀನ್ ಬಾಯಿಯವರ ಕೈಯಲ್ಲಿ ಗಂಜಿ ಕಳಿಸಿ, ಜೊತೆಗೆ ಜೋಡಿಸಬೇಕಾದ ರೀಲನ್ನೂ ಕಳಿಸಿದ ಮಹಾನುಭಾವರು ಅವರು!

ಒಂದು ವಿಷಯದಲ್ಲಿ ಮಾತ್ರ ಮಾಸ್ತರರು ಬಲು ನಿಷ್ಠುರರು. ಮನುಷ್ಯನಾಗಲಿ ದೋಣಿಯಾಗಲಿ ಸಾಗುವ ದಾರಿಯನ್ನು ಒಂದು ರೇಖೆಯೆಂದು ಭಾವಿಸಿ, ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿಡಬೇಕು. ದಾಟಿದರೆ, ಹೋಗುತ್ತಿರುವವನು ಪರದೆಯ ಮೇಲೆ ತಿರುಗಿ ಬರುತ್ತಿರುವಂತೆ ಕಾಣುತ್ತಾನೆ. ರೇಖೆ ದಾಟಿದ ಶಿಷ್ಯರಿಗೆ ಅಂದು ಚಹಾ ಇಲ್ಲ.

1961ರಲ್ಲಿ, ಕಾಪುವಿನ ಮೀನುಗಾರರ ಚಿತ್ರದಲ್ಲಿ, ಆ ರೇಖೆಯನ್ನು ಸ್ವತಃ ಅವರೇ ದಾಟಿದರು. ಗುಣಪಾಲನೆಂಬ ತರುಣನ ದೋಣಿ ದಡದುದ್ದಕ್ಕೂ ಸಾಗುವುದನ್ನು ಮೊದಲು ಮರಳಿನ ಮೇಲೆ ನಿಂತು ತೆಗೆದರು. ಆಮೇಲೆ, ಹಿನ್ನೆಲೆಯಲ್ಲಿ ದೀಪಸ್ತಂಭ ಬರಲೆಂಬ ಆಸೆಗೆ ಬಿದ್ದು, ಇನ್ನೊಂದು ದೋಣಿಯೇರಿ ಸಮುದ್ರದ ಕಡೆಯಿಂದ ತೆಗೆದರು. ಫಿಲ್ಮು ತೊಳೆದು ಬರುವಷ್ಟರಲ್ಲಿ ಗುಣಪಾಲ ಬಿರುಗಾಳಿಗೆ ಸಿಕ್ಕಿ ಕಡಲಿನಲ್ಲೇ ಉಳಿದಿದ್ದ. ನಾನು ಎಲ್ಲೂರಿನ ತವರಿನಲ್ಲಿದ್ದುದರಿಂದ ರೀಲನ್ನು ಜೋಡಿಸಿದವರೂ ಮಾಸ್ತರರೇ; ದೀಪಸ್ತಂಭದ ಮೋಹದಲ್ಲಿ ದಿಕ್ಕು ತಪ್ಪಿದ್ದು ಅವರ ಕಣ್ಣಿಗೆ ಬೀಳಲಿಲ್ಲ. ಮುಂಬಯಿಯ ದೊಡ್ಡ ಚಿತ್ರಸಂಸ್ಥೆಯೊಂದು ಇದೇ ಚಿತ್ರವನ್ನು ತರಿಸಿ ನೋಡಿ, ಮೆಚ್ಚಿದರೆ ಅವರಿಗೆ ಛಾಯಾಗ್ರಾಹಕರ ಹುದ್ದೆ ಕೊಡುವುದಾಗಿ ಹೇಳಿತ್ತು. ಅದು ಅವರ ಯೌವನದ ಕನಸು.

ಚಿತ್ರವನ್ನು ಅದರಲ್ಲಿರುವವರಿಗೇ ಮೊದಲು ತೋರಿಸುವುದು ನಮ್ಮ ಪದ್ಧತಿ. ಹೊತ್ತು ಮುಳುಗಿದ ಮೇಲೆ ಕಾಪುವಿನ ಮರಳಿನಲ್ಲಿ ಬಿಳಿ ಬಟ್ಟೆ ಕಟ್ಟಿದೆವು. ಅದು ಗಾಳಿಗೆ ಉಬ್ಬಿ ಇಳಿಯುವಾಗ ಅದರೊಳಗಿನ ಸಮುದ್ರವೂ ಉಸಿರಾಡುತ್ತಿತ್ತು. ಗುಣಪಾಲನ ದೋಣಿ ಎಡದಿಂದ ಬಲಕ್ಕೆ ಹೋಯಿತು; ಮರುಕ್ಷಣವೇ ಬಲದಿಂದ ಎಡಕ್ಕೆ, ದೀಪಸ್ತಂಭದ ಮುಂದೆ, ತೇಲುತ್ತ ಬಂತು. ಮಾಸ್ತರರು ತಲೆ ತಗ್ಗಿಸಿದರು.

ಗುಣಪಾಲನ ಹೆಂಡತಿ ವಿನೋದಾ ಹತ್ತಿರ ಬಂದಾಗ, "ತಪ್ಪಾಗಿದೆಯಮ್ಮಾ, ಆ ತುಂಡನ್ನು ನಾಳೆಯೇ ತೆಗೆಯುತ್ತೇನೆ" ಎಂದರು.

"ತೆಗೆಯಬೇಡಿ ಮಾರಾಯ್ರೆ. ಅವರು ಇಲ್ಲ ಅಂತ ನನಗೆ ಗೊತ್ತುಂಟು. ಆದರೆ ಅಲ್ಲಿ ದೋಣಿ ಬರ್ತಾ ಉಂಟಲ್ಲ, ಅಷ್ಟಾದರೂ ಇರಲಿ."

ಮುಂಬಯಿಗೆ ಕಳಿಸುವಾಗ ತೆಗೆದು, ಆಮೇಲೆ ಮತ್ತೆ ಅಂಟಿಸೋಣವೆಂದು ಮರುದಿನ ನಾನು ಕತ್ತರಿ ಹಿಡಿದೆ. "ಬೇಡ ಮನೋರಮಾ," ಎಂದರು, "ಆ ಹುಡುಗನನ್ನು ಇನ್ನೊಮ್ಮೆ ಕಳಿಸಲಿಕ್ಕೆ ನನ್ನಿಂದಾಗುವುದಿಲ್ಲ."

ದಿಕ್ಕಿನ ಪ್ರಾಥಮಿಕ ಜ್ಞಾನವೂ ಇಲ್ಲವೆಂದು ಮುಂಬಯಿಯವರು ರೀಲನ್ನು ಹಿಂದಿರುಗಿಸಿದರು. ಅಂದು ಮಾಸ್ತರರು ತಾವೇ ಚಹಾ ಕುಡಿಯಲಿಲ್ಲ. ನಮಗೆ ಸಿಟ್ಟೂ ಬಂತು, ಅವರು ನಮ್ಮಲ್ಲೇ ಉಳಿದರಲ್ಲಾ ಎಂದು ಒಳಗೊಳಗೇ ಹಿಗ್ಗೂ ಆಯಿತು. ಅಂದಿನಿಂದ ಪ್ರತಿ ಮಳೆಗಾಲ ಕಳೆದ ಮೇಲೆ ಅವರು ಪ್ರೊಜೆಕ್ಟರ್ ಹೊತ್ತು ಕಾಪುವಿಗೆ ಹೋಗುತ್ತಾರೆ, ವಿನೋದಾ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ.

ಮಾಸ್ತರರಿಗೂ ಸೆಲೀನ್ ಬಾಯಿಯವರಿಗೂ ದೇವರು ನೂರು ವರ್ಷದ ಆಯುಸ್ಸು ನೀಡಲಿ. ಆ ಕಣ್ಣು, ಆ ಕೈ ಕೆಲಸದಲ್ಲೇ ಇರಲಿ. ಬೀಳ್ಕೊಡುವ ದಿನ ಅವರು ನಮ್ಮ ಅಂಗಳ ದಾಟಿ ಹೋಗುವುದನ್ನು ನಾವು ಚಿತ್ರೀಕರಿಸಲಿದ್ದೇವೆ. ಮೊದಲ ಶಾಟ್ ಅವರು ಕಲಿಸಿದ ಬದಿಯಿಂದಲೇ. ಎರಡನೆಯದನ್ನು ಮಾತ್ರ ರೇಖೆಯ ಆಚೆಯಿಂದ ತೆಗೆಯಲು ಅಪ್ಪಣೆಯಾಗಲಿ. ಅಂದಿನ ಚಹಾವನ್ನು ನಾವು ಬಿಡುತ್ತೇವೆ.