ನ್ಯಾಮತಿಯಲ್ಲಿ ಹೊಡೆಯಬೇಕಿದ್ದ ಅಲಾರಂ

ಓದುಗರೊಬ್ಬರು ಮೆಸೇಜ್ ಹಾಕಿದ್ದಾರೆ. "ಸಾರ್, ರಜಕ್ಕೆ ಮನೆಮಂದಿನೆಲ್ಲ ಕರ್ಕೊಂಡು ವ್ಯಾನಲ್ಲಿ ಟೂರ್ ಹೊಂಟೀವಿ. ಫೋನಿಗೆ ಯಾವ್ಯಾವ ಆ್ಯಪ್ ಹಾಕ್ಕೋಬೇಕು, ಸ್ವಲ್ಪ ನಿಮ್ಮ ಕಾಲಂನಲ್ಲಿ ಬರೀರಿ."

ಬರೆಯುತ್ತೇನೆ. ಓದಿದ ಮೇಲೆ ಟೂರ್ ಕ್ಯಾನ್ಸಲ್ ಮಾಡಿದರೆ ಮಾತ್ರ ನನ್ನನ್ನು ಬೈಯಬೇಡಿ.

ನಾವೂ ಹೋಗಿದ್ದೆವು, ಕಳೆದ ತಿಂಗಳು. ಜಗಳೂರಿನಿಂದ ಮುರುಡೇಶ್ವರಕ್ಕೆ. ಬಾಡಿಗೆಗೆ ತಂದದ್ದು ಅಂತಿಂಥ ವ್ಯಾನಲ್ಲ. ಹಿಂದೆ ಮಲಗಲು ಹಾಸಿಗೆ, ಪಕ್ಕದಲ್ಲಿ ಗ್ಯಾಸ್ ಒಲೆ, ಪುಟ್ಟದೊಂದು ಸಿಂಕು. (ಸಿಂಕಿನಲ್ಲಿ ನೀರು ಬರಲಿಲ್ಲ. ಅದಕ್ಕೆ ಆ್ಯಪ್ ಇರಲಿಲ್ಲ.) ನಾನು ಡ್ರೈವರ್. ಪಕ್ಕದಲ್ಲಿ ಹೆಂಡತಿ ಗಿರಿಜಾ. ಹಿಂದೆ ನನ್ನ ಅವ್ವ ಮತ್ತು ಕಾಲೇಜಿಗೆ ಹೋಗುವ ಮಗಳು ಸಿಂಚನ.

ಆ್ಯಪ್ ಖಾತೆ ಸಿಂಚನಳದು. ದಾರಿ ತೋರಿಸುವುದೊಂದು. ಮಳೆ ಬರುತ್ತದೋ ಇಲ್ಲವೋ ಹೇಳುವುದು ಇನ್ನೊಂದು. ಹೆಂಗಸರು ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ ಹುಡುಕಿಕೊಡುವುದು ಮತ್ತೊಂದು. (ಇದನ್ನು ಮಾತ್ರ ಕಣ್ಣುಮುಚ್ಚಿ ಹಾಕಿಕೊಳ್ಳಿ.) ನಾವು ಹೇಳಿದ ಊರು ಬಂದ ತಕ್ಷಣ ಅಲಾರಂ ಹೊಡೆಯುವ ಆ್ಯಪೂ ಇತ್ತು, ಬಸ್ಸಿನಲ್ಲಿ ನಿದ್ದೆ ಹೋಗುವವರಿಗೆ ಭಾರಿ ಉಪಯೋಗವಂತೆ. ಇವೆಲ್ಲ ಸಾಲದು ಎಂಬಂತೆ, ನಮ್ಮ ವ್ಯಾನು ಎಲ್ಲಿದೆ ಎಂದು ಮ್ಯಾಪಿನ ಮೇಲೆ ನೀಲಿ ಚುಕ್ಕೆಯಾಗಿ ತೋರಿಸುವ ಲೊಕೇಶನ್ನನ್ನು ಫ್ಯಾಮಿಲಿ ಗ್ರೂಪಿನವರಿಗೆಲ್ಲ ಕಳಿಸಿಬಿಟ್ಟಳು.

"ಊರಿಗೆಲ್ಲ ಯಾಕವ್ವಾ?" ಎಂದೆ.

"ಸೇಫ್ಟಿ ಅಪ್ಪಾ!"

ಆ ಗ್ರೂಪಿನಲ್ಲಿ ನ್ಯಾಮತಿಯ ರೇಖಾಳೂ ಇದ್ದಾಳೆ. ರೇಖಾ ನನ್ನ ಚಿಕ್ಕಮ್ಮನ ಸೊಸೆ. ಚಿಕ್ಕಮ್ಮ ಎಂದರೆ ಅವ್ವನ ಒಡಹುಟ್ಟಿದ ತಂಗಿ, ಸಾವಿತ್ರಿ. ಸಂತೇಬೆನ್ನೂರಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ಈ ಅಕ್ಕತಂಗಿಯರ ನಡುವೆ ಎರಡು ವರ್ಷದಿಂದ ಮಾತಿಲ್ಲ.

ಕಾರಣ? ಅದೂ ಫೋನೇ. ಚಿಕ್ಕಮ್ಮನ ಮೊಮ್ಮಗಳ ಲಗ್ನಪತ್ರಿಕೆ ಅವ್ವನಿಗೆ ವಾಟ್ಸಾಪಿನಲ್ಲಿ ಬಂದಿತ್ತು. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೆ ಬರಬೇಕು, ಕುಂಕುಮ ಹಚ್ಚಬೇಕು, ಕೈಗೆ ಪತ್ರಿಕೆ ಕೊಟ್ಟು "ಎಲ್ಲಾರೂ ಬರ್ರಿ" ಎನ್ನಬೇಕು. ಒಡಹುಟ್ಟಿದವಳಿಗೆ ಫೋಟೋ ಕಳಿಸುವುದೇ? "ಅವಳಿಗೆ ನಾ ಬ್ಯಾಡಾಗೀನಿ" ಎಂದು ಅವ್ವ ಮದುವೆಗೆ ಹೋಗಲಿಲ್ಲ. "ಅಕ್ಕಗೆ ಒಂದು ನೆವ ಬೇಕಾಗಿತ್ತು" ಎಂದು ಚಿಕ್ಕಮ್ಮ ಮುನಿದಳು. ಯಾರು ಮೊದಲು ಮಾತಾಡಬೇಕು? ಇಬ್ಬರೂ ಕಾದರು.

ಇರಲಿ, ಟೂರಿಗೆ ಬರೋಣ. ಅವ್ವನಿಗೆ ವಾಹನ ಹತ್ತಿದರೆ ವಾಂತಿ. ದಾವಣಗೆರೆ ದಾಟುವಷ್ಟರಲ್ಲಿ ಮಾತ್ರೆ ನುಂಗಿ ಮಲಗಿದಳು. ಸಿಂಚನಳೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಜ್ಜಿಯ ಪಕ್ಕ ಒರಗಿದಳು. ಹೊನ್ನಾಳಿಯಲ್ಲಿ ವ್ಯಾನು ನಿಲ್ಲಿಸಿ ನಾನು, ಗಿರಿಜಾ ಇಬ್ಬರೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಆರಾಮಾಗಿ, ಎರಡೆರಡು ಸಲ ಚಹಾ ಕುಡಿದೆವು.

ಹೊರಡುವಾಗ ಫೋನು ಹೇಳಿತು, ನ್ಯಾಮತಿ ರಸ್ತೆ ಬೇಡ, ನೇರ ಶಿವಮೊಗ್ಗ ರಸ್ತೆ ಹಿಡಿ, ಕಾಲು ಗಂಟೆ ಉಳಿಯುತ್ತದೆ. ನನಗೂ ಒಳಗೊಳಗೇ ನಿರಾಳ. ನ್ಯಾಮತಿ ಬೋರ್ಡು ಕಂಡರೆ ಅವ್ವನ ಮುಖ ಗಂಟಾಗುವುದು ಗೊತ್ತಿದ್ದದ್ದೇ.

"ಅದೇ ಒಳ್ಳೇದು ಬಿಡ್ರಿ. ಸುಮ್ನೆ ಅತ್ತೆ ಮನಸ್ಸು ಕೆಡಾದು ಬ್ಯಾಡ" ಎಂದಳು ಗಿರಿಜಾ.

ಶಿವಮೊಗ್ಗದ ಟ್ರಾಫಿಕ್ಕಿನಲ್ಲಿ ಅವ್ವನಿಗೆ ಎಚ್ಚರವಾಯಿತು. ಸೆರಗು ಸರಿ ಮಾಡಿಕೊಂಡು, ಕೂದಲು ನೇವರಿಸಿಕೊಂಡು, "ನ್ಯಾಮತಿ ಬಂತೇನು?" ಎಂದಳು.

"ಇದು ಶಿವಮೊಗ್ಗ ಕಣವ್ವ."

ಸಿಂಚನ ದಡಬಡಿಸಿ ಎದ್ದಳು. "ಅಜ್ಜೀ, ಅಲಾರಂ ಇಟ್ಟಿದ್ದೆ! ಹೊಡೀಲೇ ಇಲ್ಲ!"

ಆಗ ಹೊರಬಿತ್ತು. ಬೆಳಿಗ್ಗೆ ಅವ್ವ ಮೊಮ್ಮಗಳ ಕಿವಿಯಲ್ಲಿ ಹೇಳಿದ್ದಳಂತೆ, "ನ್ಯಾಮತಿ ಬಂದ್ರೆ ಎಬ್ಬಿಸು. ನಿಮ್ಮಪ್ಪಗೆ ಈಗ್ಲೇ ಹೇಳಬ್ಯಾಡ, ನಗ್ತಾನೆ." ಕರೆಯದಿದ್ದರೂ ತಾನೇ ತಂಗಿಯ ಮನೆ ಹೊಕ್ಕುಬಿಡುವುದೆಂದು ಅವ್ವ ತೀರ್ಮಾನಿಸಿದ್ದಳು. ಎರಡು ವರ್ಷದ ಹಟ ನುಂಗಿಕೊಂಡಿದ್ದಳು. ಅವಳ ಚೀಲದಲ್ಲಿ ಹಸಿರು ಇಳಕಲ್ ಸೀರೆ, ಕುಪ್ಪಸದ ಕಣ, ಒಂದು ತೆಂಗಿನಕಾಯಿ ಇದ್ದವು.

ಅಲಾರಂನದು ತಪ್ಪೇ? ಇಲ್ಲ. ನ್ಯಾಮತಿ ಬಂದರೆ ಹೊಡಿ ಎಂದಿದ್ದರು. ನ್ಯಾಮತಿ ಬರಲಿಲ್ಲ, ಅದು ಹೊಡೆಯಲಿಲ್ಲ.

"ಗಾಡಿ ತಿರುಗಿಸ್ಲೇನವ್ವಾ?"

"ಬ್ಯಾಡ, ಎಲ್ಲಾರ ಖುಷಿ ಯಾಕೆ ಹಾಳು. ಬರುವಾಗ ಹೋಗಾಣ."

ಸಮುದ್ರದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಸಿಂಚನ ಫೋಟೋ ತೆಗೆದಳು. ಅವ್ವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಡದಲ್ಲಿ ಕೂತಿದ್ದಳು.

ಬರುವಾಗ ನ್ಯಾಮತಿಗೆ ಹೋದೆವು. ಬಾಗಿಲು ತೆಗೆದವಳು ರೇಖಾ. ನೀರು ಕೊಟ್ಟಳು, ಕೂರಿಸಿದಳು. ಚಿಕ್ಕಮ್ಮ ಹೊರಗೆ ಬರಲಿಲ್ಲ. ಕೈ ತೊಳೆಯುವ ನೆಪದಲ್ಲಿ ನಾನು ಹಿತ್ತಲಿಗೆ ಹೋದಾಗ ರೇಖಾ ಹಿಂದೆಯೇ ಬಂದು ಸಣ್ಣ ದನಿಯಲ್ಲಿ ಹೇಳಿದಳು.

"ದೊಡ್ಡತ್ತೆಗೂ ಈಗ್ಲೇ ಹೇಳ್ದೆ. ಅವತ್ತು ಅತ್ತೆ ಬೆಳಗ್ಗಿಂದ ನನ್ನ ಫೋನ್ ಹಿಡ್ಕಂಡೇ ಕುಂತಿದ್ರು ಭಾವ. ನಿಮ್ಮ ಚುಕ್ಕೆ ಹೊನ್ನಾಳಿಗೆ ಬಂದು ನಿಂತ್ಕಂತಲ್ಲ, 'ಅಕ್ಕ ಹಣ್ಣು ತಗಳಾಕೆ ನಿಂತಾಳೆ ಕಣೇ, ಬರ್ತಾಳೆ' ಅಂತ ತಾವೇ ಎದ್ದೋಗಿ ಹೋಳಿಗೆಗೆ ಬ್ಯಾಳೆ ಇಟ್ರು. ಆಮ್ಯಾಲೆ ಚುಕ್ಕೆ ಆ ಕಡೆ ರೋಡಿಗೆ ಹೋತು. ಫೋನ್ ನನ್ನ ಕೈಗೆ ಕೊಟ್ಟು ಮಲಗಿಬಿಟ್ರು. ಬ್ಯಾಳೆ ನಾನೇ ಇಳಿಸ್ದೆ."

ನಾನೇನು ಹೇಳಲಿ? ಚಹಾ, ಮಂಡಕ್ಕಿ, ಕಾಲು ಗಂಟೆ?

ಒಳಗೆ ಅವ್ವ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಸಾವಿತ್ರೀ, ನಾನು ಬಂದೀನಿ ಕಣೇ. ಅವತ್ತು ಮಾತ್ರೆ ನುಂಗಿದ್ದೆ, ನಿದ್ದೆ ಹತ್ತಿಬಿಡ್ತು."

ಒಳಗಿಂದ ಬಳೆ ಸದ್ದಾಯಿತು. ಆಮೇಲೆ ದನಿ. "ರೇಖಾ, ಬಂದೋರಿಗೆ ಚಾ ಕೊಟ್ಟು ಕಳ್ಸು."

ಬಂದೋರು! ಅವ್ವ ಚೀಲವನ್ನು ಮಂಚದ ಮೇಲಿಟ್ಟು, ಚಹಾ ಮುಟ್ಟದೆ ಬಂದು ವ್ಯಾನು ಹತ್ತಿದಳು. ಇನ್ನೇನು ಹೊರಡಬೇಕು, ರೇಖಾ ಓಡಿಬಂದು ಕಿಟಕಿಯಲ್ಲಿ ಅದೇ ಚೀಲ ಒಳಗಿಟ್ಟಳು. "ಬ್ಯಾಡಂತೆ ದೊಡ್ಡತ್ತೆ. ನನ್ನ ಬೈಕೋಬ್ಯಾಡ್ರಿ." ಅವಳ ಕಣ್ಣಲ್ಲಿ ನೀರಿತ್ತು.

ಮೊದಲೆಲ್ಲ ನೆಂಟರ ಊರ ಹತ್ತಿರದಲ್ಲೇ ಹಾದುಹೋದರೂ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದರೂ, ಬಸ್ಸು ನಿಲ್ಲಿಸಲಿಲ್ಲ, ಮಗುವಿಗೆ ಜ್ವರ ಬಂದಿತ್ತು ಎಂದು ಏನೋ ಒಂದು ಹೇಳಿದರೆ ನಡೆಯುತ್ತಿತ್ತು. ಕೇಳಿದವರೂ ನಂಬಿದಂತೆ ಮಾಡುತ್ತಿದ್ದರು. ಇಂಥ ಸಣ್ಣ ಸುಳ್ಳುಗಳಿಂದ ಎಷ್ಟು ಮನೆಗಳ ಹೋಗಿಬರುವಿಕೆ ಉಳಿದಿತ್ತೋ! ಈಗ ಅವ್ವ ನಿಜವನ್ನೇ ಹೇಳಿದಳು. ಚಿಕ್ಕಮ್ಮ ಅದನ್ನು ನಂಬಲಿಲ್ಲ. ಕಣ್ಣಾರೆ ಕಂಡಿದ್ದಳಲ್ಲ, ಮ್ಯಾಪಿನಲ್ಲಿ.

ಹೊನ್ನಾಳಿ ಸೇತುವೆ ಬಂತು. ಸಿಂಚನ ಒಂದೊಂದೇ ಆ್ಯಪ್ ಅಳಿಸುತ್ತ ಮೂಗೆಳೆಯುತ್ತಿದ್ದಳು. ಅವ್ವ ಅವಳ ತಲೆ ಸವರಿ ಕೇಳಿದಳು:

"ಅಲ್ಲ ಮಗಳೇ, ನಾ ಎಲ್ಲಿದ್ದೀನಿ ಅಂತ ಅವಳಿಗೆ ತೋರಿಸ್ತಲ್ಲ ಆ ಫೋನು, ನಾ ನಿದ್ದೆಯಾಗಿದ್ದೀನಿ ಅಂತ ಯಾಕೆ ತೋರಿಸ್ಲಿಲ್ಲ?"