ಸಮಾಧಿಗಳ ನಡುವೆ ಒಂದು ಬ್ಯಾಂಕು

ಬೆಳಗಿನ ಐದೂಮುಕ್ಕಾಲು. ಡಿಸೆಂಬರಿನ ಮಂಜಿನಲ್ಲಿ ತೊಗರಿ ಹೊಲಗಳು ಕಾಣುತ್ತಿಲ್ಲ. ಹೊಲದಾಚೆಯ ಪಾಳುಬಿದ್ದ ಬುರುಜು ಮಾತ್ರ ಕಪ್ಪಗೆ ನಿಂತಿದೆ. ಅದರ ಸುತ್ತ ಊರಿನ ಸಮಾಧಿಗಳು. ಹಳೆಯವು ಕುಸಿದು ಹುಲ್ಲು ಬೆಳೆದಿವೆ, ಹೊಸವುಗಳ ಮೇಲೆ ನರಿ ಕೆದರದಂತೆ ಕಲ್ಲು ಹೇರಿದ್ದಾರೆ. ಜಯಮಾಲಾ ಬುರುಜಿನ ಮುರುಕು ಮೆಟ್ಟಿಲು ಹತ್ತಿ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿಯುತ್ತಾರೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮುದುಕಿಯೊಬ್ಬಳ ದನಿ ಕೇಳುತ್ತದೆ: “ಕೇಶರಬಾಯಿ.” ಅದರ ಹಿಂದೆಯೇ ಬೇರೊಂದು, ತಿದ್ದಿ ತೀಡಿದ ದನಿ: “ನಿಮ್ಮ ಖಾತೆಗೆ ಮೂವತ್ತು ರೂಪಾಯಿ ಜಮಾ ಆಗಿದೆ. ಧನ್ಯವಾದ.”

ಕೆಳಗೆ ಕಂಬಳಿ ಹೊದ್ದು ಕುಳಿತ ಕೇಶರಬಾಯಿ ತನ್ನದೇ ದನಿ ಕೇಳಿ “ಹೂಂ” ಎನ್ನುತ್ತಾರೆ.

ಬಸವಕಲ್ಯಾಣ ತಾಲೂಕಿನ ಕೊಹಿನೂರದಿಂದ ಮೂರು ಕಿಲೋಮೀಟರ್ ಒಳಗಿರುವ ಈ ವಾಡಿಯಲ್ಲಿ ಬ್ಯಾಂಕೆಂದರೆ ಇಷ್ಟೇ: ಒಂದು ಮೊಬೈಲು, ಹೆಬ್ಬೆರಳು ಗುರುತಿಸುವ ಅಂಗೈಯಗಲದ ಯಂತ್ರ, ಚೀಟಿ ಹೊರಡಿಸುವ ಇನ್ನೊಂದು ಡಬ್ಬಿ, ಮತ್ತು ನಲವತ್ತೊಂದು ವರ್ಷದ ಜಯಮಾಲಾ. ಖಾತೆ ತೆರೆಯುವ ದಿನ ಗ್ರಾಹಕರು ಹೆಬ್ಬೆಟ್ಟು ಕೊಟ್ಟು, ತಮ್ಮ ಹೆಸರನ್ನು ತಾವೇ ಒಮ್ಮೆ ಹೇಳುತ್ತಾರೆ. ಮೊಬೈಲು ಆ ದನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಓದು ಬಾರದವರಿಗೆ ತಮ್ಮ ಹಣ ತಮ್ಮ ಹೆಸರಿಗೇ ಸೇರಿತೆಂಬ ಭರವಸೆ ಅದರಿಂದಲೇ.

“ಊರಾಗ ಎಲ್ಲೂ ರೇಂಜ್ ಇಲ್ರಿ,” ಎನ್ನುತ್ತಾರೆ ಜಯಮಾಲಾ. “ಮಾಳಿಗಿ ಹತ್ತಿ ನೋಡಿದ್ವಿ, ಗುಡಿ ಕಟ್ಟಿ ಮ್ಯಾಲ ನಿಂತು ನೋಡಿದ್ವಿ. ಕಡೀಕ ಸಿಕ್ಕದ್ದು ಇಲ್ಲೇ. ಏನ್ ಮಾಡ್ಲಿ, ಸಿಕ್ಕಲ್ಲೇ ಬ್ಯಾಂಕ್ ಹಾಕೀನಿ.”

ಹುಮನಾಬಾದಿನಲ್ಲಿ ಹತ್ತನೆಯ ತರಗತಿ ಓದಿದ ಜಯಮಾಲಾ ೧೯೯೮ರಲ್ಲಿ ಇಲ್ಲಿನ ಮಹಿಳಾ ಸಂಘಕ್ಕೆ ಲೆಕ್ಕ ಬರೆಯಲು ಸೇರಿದರು. ಆಗ ಇನ್ನೂರು ರೂಪಾಯಿ ಕಟ್ಟಲು ಬಸವಕಲ್ಯಾಣಕ್ಕೆ ಹೋದರೆ ಒಂದು ದಿನದ ಕೂಲಿಯೇ ಮುಳುಗುತ್ತಿತ್ತು. ೨೦೦೭ರಲ್ಲಿ ಬ್ಯಾಂಕೊಂದು ಈ ಯಂತ್ರ ಕೊಟ್ಟಿತು. ಈಗ ಖಾತೆಗಳು ಮುನ್ನೂರ ಹನ್ನೆರಡು. ದಿನಕ್ಕೆ ಮೂವತ್ತು, ಮೂವತ್ತೈದು ಮಂದಿ. ಹತ್ತರಿಂದ ಐವತ್ತು ರೂಪಾಯಿ. ನಡೆಯಲಾರದವರ ಮನೆಗೆ ಸಂಜೆ ತಾವೇ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅಲ್ಲಿ ಸಿಗ್ನಲ್ ಇಲ್ಲದ್ದರಿಂದ ಆ ಜಮಾ ಮೊಬೈಲಿನೊಳಗೇ ಉಳಿದು, ಮರುದಿನ ಬುರುಜು ಹತ್ತಿದಾಗ ಬ್ಯಾಂಕು ಮುಟ್ಟುತ್ತದೆ. ಮುಟ್ಟಿದ ಮೇಲೆಯೇ ದನಿ. ತಿಂಗಳಿಗೆ ಒಂಬೈನೂರು ರೂಪಾಯಿ ಕಮಿಷನ್. ಬುರುಜಿನಿಂದ ಬಂದ ಸೊಸೆ ಅಂಗಳದಲ್ಲೇ ಸ್ನಾನ ಮಾಡಿ ಒಳಗೆ ಬರಬೇಕೆಂದು ಅತ್ತೆ ಹಾಕಿದ ನಿಯಮ ಚಳಿಗಾಲದಲ್ಲೂ ತಪ್ಪಿಲ್ಲ.

ಕಳೆದ ಫೆಬ್ರವರಿಯಲ್ಲಿ ಈ ಬ್ಯಾಂಕು ಮುಚ್ಚುವ ಹಂತಕ್ಕೆ ಬಂದಿತ್ತು.

ಕುರಿ ಕಾಯುತ್ತಿದ್ದ ಧೂಳಮ್ಮ ಒಂದು ಭಾನುವಾರ ಸಂಜೆ ಕಾಲುನೋವೆಂದು ಜಯಮಾಲಾರನ್ನು ಮನೆಗೇ ಕರೆಸಿಕೊಂಡು ಐವತ್ತು ರೂಪಾಯಿ ಕಟ್ಟಿದರು. ತಮ್ಮ ನಂತರ ಹಣ ಮಗಳು ಸಪ್ನಾಳಿಗೆ ಸೇರಬೇಕೆಂದು ಅವರು ಮೊದಲೇ ಬರೆಸಿದ್ದರು. ಗಂಡ ಬಿಟ್ಟ ಸಪ್ನಾ ಹುಮನಾಬಾದಿನ ಮಾಣಿಕನಗರದಲ್ಲಿ ಬಾಡಿಗೆ ಬಂಡಿಯ ಮೇಲೆ ಹೂವು, ಕಾಯಿ ಮಾರುತ್ತಾಳೆ. ಹಣ ಅವಳಿಗೆ ಬರೆಸಿದ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೇ ರಾತ್ರಿ ಕೊನೆಯ ಜಾವದಲ್ಲಿ ಧೂಳಮ್ಮ ತೀರಿಕೊಂಡರು.

ಸೋಮವಾರ ನಸುಕಿನಲ್ಲಿ, ಜಯಮಾಲಾ ಬುರುಜಿಗೆ ಹೊರಡುವ ಮೊದಲೇ, ಮಗ ಪಂಡರಿ ಹೇಳಿಕಳಿಸಿದ: ಬರುವಾಗ ಮಷಿನ್ ತಗೊಂಡು ಬರಬೇಕು.

ಧೂಳಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ಭಂಡಾರದ ಅರಿಶಿನ, ಅರೆತೆರೆದ ಕಣ್ಣು. ಪಂಡರಿ ತಾಯಿಯ ಬಲಗೈ ಮುಷ್ಟಿ ಬಿಡಿಸಿ, ಹೆಬ್ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ.

“ಬೆರಳು ಇನ್ನಾ ಮೆತ್ತಗ ಅದ ಅಕ್ಕಾವ್ರ. ಸೆಟೆಯೋದ್ರೊಳಗ ಒತ್ತಿಸಿಬಿಡ್ರಿ. ನನ್ನ ಕೈಯಾಗ ಒಂದ್ ಪೈಸಾ ಇಲ್ಲ. ಅವ್ವನ ರೊಕ್ಕ ಅವ್ವನ ಮಣ್ಣಿಗೇ ಹೋಗ್ಲಿ.”

ಅವನದು ದುರಾಸೆಯಾಗಿರಲಿಲ್ಲ. ಜಯಮಾಲಾರಿಗೂ ಅದು ಗೊತ್ತಿತ್ತು.

“ಸುಳ್ಳ ಯಾಕ ಹೇಳ್ಲಿ, ಮಷಿನ್ ಚಾಲೂ ಮಾಡಿದ್ದೆ,” ಎಂದು ಅವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. “ಕೆಂಪು ಬೆಳಕು ಬಂತು. ಧೂಳಮ್ಮ ಆಯಿ ಕೈ ಹಿಡದೆ. ಥಣ್ಣಗಿತ್ರಿ. ಆಯಿ ನನ್ನೇ ನೋಡಾಕತ್ತಾಳ ಅನಸ್ತು. ಬಂದ್ ಮಾಡಿಬಿಟ್ಟೆ.”

ಅಂದು ಎಲ್ಲರೆದುರು ಅವರು ಹೇಳಿದ್ದು ಇಷ್ಟು: “ಬ್ಯಾಡ ಪಂಡರಿ ಅಣ್ಣ. ಈ ಬೆರಳು ಇನ್ನ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ. ನಾ ಹ್ಯಾಂಗ ಒತ್ತಿಸ್ಲಿ?”

ಪಂಡರಿ ಮುಖ ತಿರುಗಿಸಿದ. ಸಾವಾದ್ದರಿಂದ ಅಂದು ಜಯಮಾಲಾ ಬುರುಜು ಹತ್ತಲಿಲ್ಲ. ಸಂಜೆ ಧೂಳಮ್ಮನನ್ನು ಬುರುಜಿನ ಬುಡದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಣ್ಣು ಮಾಡಿದರು.

ಮಂಗಳವಾರ ನಸುಕಿನಲ್ಲಿ ಜಯಮಾಲಾ ಎಂದಿನಂತೆ ಬುರುಜು ಹತ್ತಿದರು. ಕೆಳಗೆ ಏಳೆಂಟು ಹೆಂಗಸರಿದ್ದರು. ಹಸಿ ಮಣ್ಣಿನ ಗುಡ್ಡೆಯತ್ತ ಬೆನ್ನು ಮಾಡಿ ಎಲ್ಲರೂ ಒತ್ತಾಗಿ ಕುಳಿತಿದ್ದರು. ಸಿಗ್ನಲ್ ಬಂತು. ಮೊಬೈಲಿನಿಂದ ಒಡಕು ದನಿಯೊಂದು, ಎಲ್ಲರೂ ಬಲ್ಲ ದನಿ, ಮಂಜಿನಲ್ಲಿ ಹೇಳಿತು:

“ಧೂಳಮ್ಮ.”

ಆಮೇಲೆ ಇನ್ನೊಂದು ದನಿ: “ನಿಮ್ಮ ಖಾತೆಗೆ ಐವತ್ತು ರೂಪಾಯಿ ಜಮಾ ಆಗಿದೆ. ಧನ್ಯವಾದ.”

ಹೆಂಗಸರು ಎದ್ದು ಓಡಿದರು. ಭಾನುವಾರದ ಜಮಾ ಈಗ ಮುಟ್ಟಿತೆಂದು ಜಯಮಾಲಾ ಕೂಗಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. “ಖರೆ ಅಂದ್ರ ನನಗೂ ಅಂಜಿಕಿ ಆತು. ಕಾರಣ ಗೊತ್ತಿತ್ತು, ಆದ್ರೂ ಅಂಜಿಕಿ ಆತು. ಗುಡ್ಡೆ ಕಡೆ ನೋಡಿ, ‘ಬಂತು ಆಯಿ, ರೊಕ್ಕ ಮುಟ್ಟ್ಯಾವ’ ಅಂದೆ.”

ಧೂಳಮ್ಮನ ಜೀವ ಮಷಿನ್ನಿನಲ್ಲಿ ಸಿಕ್ಕಿಕೊಂಡಿದೆ ಎಂಬ ಮಾತು ಮಧ್ಯಾಹ್ನದೊಳಗೆ ವಾಡಿ ಸುತ್ತಿತು. ಹೆಸರು ಹೇಳಿಕೊಟ್ಟವರೆಲ್ಲ ದಿಗಿಲುಬಿದ್ದರು. ಕೆಲವರು ತಮ್ಮ ದನಿ ವಾಪಸು ಕೊಡೆಂದು ಬಾಗಿಲಿಗೆ ಬಂದರು. ಮುಂದಿನ ಎರಡು ತಿಂಗಳು ಬುರುಜಿಗೆ ಒಬ್ಬರೂ ಬರಲಿಲ್ಲ. ಜಯಮಾಲಾ ಮಾತ್ರ ದಿನಾ ಹೋಗಿ ಏಳೂವರೆಯವರೆಗೆ ಒಬ್ಬರೇ ಕುಳಿತಿರುತ್ತಿದ್ದರು. ಹೀಗೇ ನಡೆದರೆ ಯಂತ್ರ ಹಿಂದಕ್ಕೆ ಪಡೆಯುವುದಾಗಿ ಬ್ಯಾಂಕಿನವರು ಹೇಳಿದರು.

ಆ ದಿನಗಳಲ್ಲೇ ಅವರು ಮಾಣಿಕನಗರಕ್ಕೆ ಹೋಗಿ ಸಪ್ನಾಳನ್ನು ಕಂಡರು. ಮರಣಪತ್ರಕ್ಕೆ, ಅರ್ಜಿಗೆ, ಸಹಿಗೆಂದು ಅವಳೊಂದಿಗೆ ಬಸವಕಲ್ಯಾಣದ ಶಾಖೆಗೆ ಐದು ಸಲ ಅಲೆದರು. ಬಸ್ಸಿನ ಹಣ ತಮ್ಮದೇ. ಏಪ್ರಿಲ್ ಕೊನೆಗೆ ನಾಲ್ಕು ಸಾವಿರದ ಎಂಟುನೂರೈವತ್ತು ರೂಪಾಯಿ ಸಪ್ನಾಳ ಕೈಸೇರಿತು.

ಖಾತೆ ಮುಗಿದ ಸಂದೇಶವನ್ನೂ ಮೊಬೈಲು ಹೇಳಬೇಕಿತ್ತು. ಅದಾದ ಮೇಲೆ ಧೂಳಮ್ಮನ ದನಿ ಅಳಿಸಿಹೋಗುತ್ತದೆ. ಬುರುಜಿಗೆ ಬರುವಂತೆ ಜಯಮಾಲಾ ಪಂಡರಿಗೆ ಹೇಳಿಕಳಿಸಿದರು.

ಅವನು ಬಂದ. ಜೊತೆಗೆ ತಂಗಿಯೂ ಬಂದಳು, ಹಿಂದೆ ದೂರದಲ್ಲಿ ಅರ್ಧ ವಾಡಿ. ಮೊಬೈಲು “ಧೂಳಮ್ಮ” ಎಂದಿತು. ಖಾತೆ ಮುಕ್ತಾಯವಾಯಿತೆಂದು ಇನ್ನೊಂದು ದನಿ ಹೇಳಿ ಮುಗಿಸುವವರೆಗೂ ಪಂಡರಿ ತಲೆಯ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

“ಇನ್ನೊಮ್ಮಿ ಬರಂಗಿಲ್ಲೇನ್ರಿ?”

“ಇಲ್ಲ ಅಣ್ಣ.”

ಸಪ್ನಾ ಸೆರಗಿನ ಗಂಟು ಬಿಚ್ಚಿ ಅಣ್ಣನಿಗೆ ಎರಡು ಸಾವಿರ ಕೊಟ್ಟಳು. “ಅವ್ವನ ಮಣ್ಣಿನ ಖರ್ಚಿಗಿ ಮಾಡಿದ ಸಾಲ ತೀರಸು. ಕಡೀ ದಿನದ ಐವತ್ತು ಸೈತ ಬಂದಾವ, ಒಂದ್ ಪೈಸಾ ಕಮ್ಮಿ ಆಗಿಲ್ಲ,” ಎಂದು ಹಿಂದಿದ್ದವರಿಗೂ ಕೇಳುವಂತೆ ಹೇಳಿದಳು. ಉಳಿದದ್ದರಲ್ಲಿ ಅವಳು ಹಳೆಯದೊಂದು ಬಂಡಿಯನ್ನು ಸ್ವಂತಕ್ಕೆ ಕೊಂಡಿದ್ದಾಳೆ. ಮರುವಾರದಿಂದ ಹೆಂಗಸರು ಒಬ್ಬೊಬ್ಬರಾಗಿ ಬುರುಜಿಗೆ ಮರಳಿದರು.

ಕೊನೆಗೆ ಪಂಡರಿಯೂ ಖಾತೆ ತೆರೆಯಲು ಬಂದ. ಹೆಸರು ಹೇಳುವ ಮೊದಲು ಒಂದು ಮಾತು ಕೇಳಿದನಂತೆ: “ನಾ ಸತ್ತ ಮ್ಯಾಲ ಯಾರರೆ ನನ್ನ ಹೆಬ್ಬೆಟ್ಟು ಹಿಡದ್ರ?”

“ನನ್ನ ಕೈಯಾಗ ಮಷಿನ್ ಇರೋತನಕ ಯಾರೂ ಹಿಡಿಯಂಗಿಲ್ಲ ಅಂದೆ,” ಎನ್ನುತ್ತಾರೆ ಜಯಮಾಲಾ. “ಆಮ್ಯಾಲ ಅಂವ ಜೋರಲೇ ತನ್ನ ಹೆಸರು ಹೇಳಿದ್ನೋಡ್ರಿ, ಆ ಕಡೆ ಹೊಲದಾಗ ಇದ್ದವರಿಗಿ ಕೇಳೋ ಹಂಗ.”