ರೈಟರ ಮನೆಯ ಎಲೆಗಳು

ಚೆಟ್ಟಳ್ಳಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನನ್ನ ಗೆಳತಿಯ ಗಂಡ ರೈಟರಾಗಿದ್ದರು. ಆಳುಗಳ ಹಾಜರಿ, ಪಿಕ್ಕಿಂಗಿನ ಉಸ್ತುವಾರಿ ಎಲ್ಲ ಅವರದೇ. ಗೆಳತಿ ವಯಸ್ಸಿನಲ್ಲಿ ದೊಡ್ಡವರು, ಹಾಗಾಗಿ ನನಗೆ ಅಕ್ಕ. ಕ್ವಾರ್ಟರ್ಸಿನ ಮುಂದೆ ಅವರು ಬೆಳೆಸಿದ ತೋಟ ನೋಡಲು ಸಿದ್ದಾಪುರದಿಂದ ಜೀಪು ಹತ್ತಿ ಹೋಗುತ್ತಿದ್ದೆ.

ಅಲ್ಲಿ ಹೂವು ಹುಡುಕಿದವರಿಗೆ ನಿರಾಸೆಯೇ. ಕಪ್ಪು ಕೆಸುವಿನ ಪಕ್ಕ ನಿಂಬೆ ಬಣ್ಣದ ಕೋಲಿಯಸ್, ಕೆಂಪು ಡ್ರಸೀನಾದ ಕಾಲಡಿ ಬೆಳ್ಳಿ ಚುಕ್ಕಿಯ ಬಿಗೋನಿಯಾ. ಹೊಡೆದಾಡಬೇಕಾದ ಬಣ್ಣಗಳು ಹೆಗಲಿಗೆ ಕೈ ಹಾಕಿಕೊಂಡು ನಿಂತಿರುತ್ತಿದ್ದವು. "ಹೂವು ಬಂದು ಹೋಗೋ ನೆಂಟರು ಕಣೇ. ಎಲೆ ಮನೆ ಮಂದಿ," ಎನ್ನುತ್ತಿದ್ದರು ಅಕ್ಕ. ಹೋದಾಗಲೆಲ್ಲ ಗಿಡಗಳ ಜಾಗ ಬದಲಾಗಿರುತ್ತಿತ್ತು. "ಇದು ಅಲ್ಲಿ ಮಂಕಾಗಿತ್ತು, ಎಬ್ಬಿಸಿ ಇಲ್ಲಿ ಕೂರಿಸಿದೆ." ಬೇರು ಬಿಡುವ ಮೊದಲೇ ಟ್ರಾನ್ಸ್‌ಫರ್ ಮಾಡ್ತೀರಲ್ಲ, ಪಾಪ ಎಂದು ನಾನು ರೇಗಿಸುತ್ತಿದ್ದೆ.

ಈ ಸಲದ ಪಿಕ್ಕಿಂಗ್ ಮುಗಿದ ಮೇಲೆ ರೈಟರು ರಿಟೈರ್ ಆದರು. ಕ್ವಾರ್ಟರ್ಸ್ ಬಿಡಬೇಕು. ಕುಶಾಲನಗರದಲ್ಲಿ ಸಿಕ್ಕ ಬಾಡಿಗೆ ಮನೆ ಮಹಡಿ ಮೇಲೆ, ಅಲ್ಲಿ ಮಣ್ಣೆಂಬುದೇ ಇಲ್ಲ. ಹೊಸ ರೈಟರು ಬಂದು ನೋಡಿ, ತೋಟದ ಜಾಗದಲ್ಲಿ ಕಾರ್ ಶೆಡ್ ಹಾಕಿಸಬೇಕು ಅಂದರಂತೆ. ಅಕ್ಕ ನನಗೆ ಫೋನ್ ಮಾಡಿ, "ಬರುವಾಗ ಚೀಲ ತಾ," ಎಂದಷ್ಟೇ ಹೇಳಿದರು.

ಕೇಳಿ ತಂದ ಗಿಡ ಹತ್ತುವುದಿಲ್ಲ, ಕದ್ದದ್ದೇ ಚಿಗುರುವುದು ಎಂಬುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಬಂದವರ ಕಣ್ಣು ಒಂದು ಗಿಡದ ಮೇಲೆ ನೆಟ್ಟರೆ ಮನೆಯೊಡತಿಗೆ ಒಲೆ ಮೇಲಿಟ್ಟ ಹಾಲು ನೆನಪಾಗುತ್ತದೆ. ಒಳಗೆ ಹೋದವಳು ಬೇಗ ಬರುವುದಿಲ್ಲ. ಕೊಡುವವರಿಗೂ ಬಿಗುಮಾನವಿಲ್ಲ, ಒಯ್ಯುವವರಿಗೂ ಮುಜುಗರವಿಲ್ಲ.

ಅಕ್ಕನೂ ಜಗಲಿಯ ಮೇಲೆ ಕತ್ತಿ ಇಟ್ಟು, ಕಾಫಿ ಮಾಡಿ ತರ್ತೇನೆ ಎಂದು ಒಳಗೆ ಹೋದರು. ನಾನು ಕತ್ತಿ ಹಿಡಿದು ತೋಟಕ್ಕೆ ಇಳಿದೆ. ಆದರೆ ಎಲ್ಲಿ ಕೈಯಿಟ್ಟರೂ ಒಂದು ಜೋಡಿ ಮುರಿಯುತ್ತಿತ್ತು. ಕೋಲಿಯಸ್‌ನ ಎರಡು ಕುಡಿ ಚಿವುಟಿ ಜಗಲಿಗೆ ಬಂದು ಕೂತೆ.

ಅಕ್ಕ ಬರಿಗೈಯಲ್ಲಿ ಹೊರಬಂದು ಚೀಲದೊಳಗೆ ನೋಡಿದರು.

"ಇಷ್ಟೇನಾ?"

"ಕಡಿಯೋಕೆ ಮನಸ್ಸು ಬರಲ್ಲ ಅಕ್ಕ. ಎಷ್ಟು ಚಂದ ಉಂಟು."

"ಚಂದ ಅಂತ ನೀನು ಬಿಟ್ಟು ಹೋದ್ರೆ ನಾಡಿದ್ದು ಜೆಸಿಬಿ ಬಿಡ್ತದಾ? ನನ್ನ ಕೈಯಲ್ಲಂತೂ ಆಗಲ್ಲ, ನಿನ್ನೆಯಿಂದ ನೋಡ್ತಾ ಇದ್ದೇನೆ." ದನಿ ಒಡೆಯಿತು. "ಗೆಡ್ಡೆ ಸಮೇತ ಕೀಳು. ಎಲ್ಲಾನೂ ತಗೊಂಡು ಹೋಗು."

ನಾನು ಎದ್ದೆ. ಅಕ್ಕ ಈ ಸಲ ಒಳಗೆ ಹೋಗಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡು ಗೋಡೆಯ ಕಡೆಗೆ ತಿರುಗಿ ನಿಂತರು. ಕೆಸುವಿನ ಗೆಡ್ಡೆ ಮಣ್ಣು ಬಿಡುವ ಸದ್ದಿಗೆ ಅವರ ಬೆನ್ನು ನಡುಗುವುದು ಕಾಣುತ್ತಿತ್ತು. ಕೊನೆಯ ಗಿಡ ಕಿತ್ತು ಚೀಲದ ಬಾಯಿ ಕಟ್ಟುವವರೆಗೂ ಅವರು ಈ ಕಡೆ ತಿರುಗಲಿಲ್ಲ.